ಲಗ್ನಪತ್ರಿಕೆಗೆ ಬಳ್ಳಿ ಅಕ್ಷರ: ಕನ್ನಡದ ಹೆಸರನ್ನು ಚೆಂದವಾಗಿ ತರುವುದು ಹೇಗೆ?

ಪ್ರಶ್ನೆ: ತುಮಕೂರಿನಲ್ಲಿ ಚಿಕ್ಕ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ ಕಾಲದಲ್ಲಿ ಲಗ್ನಪತ್ರಿಕೆಯದ್ದೇ ಕೆಲಸ. ಈಗಿನ ಗಿರಾಕಿಗಳು ಮೊಬೈಲಿನಲ್ಲಿ ಯಾವುದಾದರೂ ಇಂಗ್ಲಿಷ್ ಕಾರ್ಡ್ ತೋರಿಸಿ, ಹುಡುಗ ಹುಡುಗಿಯ ಹೆಸರು ಹೀಗೇ ಬಳ್ಳಿ ಬಳ್ಳಿಯಾಗಿ ಬರಬೇಕು, ಕನ್ನಡದಲ್ಲೂ ಹೀಗೇ ಬೇಕು ಅನ್ನುತ್ತಾರೆ. ಇಂಗ್ಲಿಷಿಗೆ ಗ್ರೇಟ್ ವೈಬ್ಸ್ ಫಾಂಟ್ ಹಾಕುತ್ತೇನೆ. ಕನ್ನಡಕ್ಕೆ ನುಡಿ ಫಾಂಟನ್ನೇ ಓರೆ ಮಾಡಿ ನೋಡಿದೆ, ಚೆನ್ನಾಗಿ ಕಾಣಲಿಲ್ಲ. ಚಿನ್ನದ ಫಾಯಿಲ್ ಒತ್ತಿಸಿದರೆ ತೆಳು ಗೆರೆಗಳು ಮಾಯವಾಗುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಮಸುಕಾಗುತ್ತದೆ. ಯಾವ ಫಾಂಟ್ ಬಳಸಲಿ? ಕನ್ನಡಕ್ಕೆ ಏನಾದರೂ ದಾರಿ ಇದೆಯಾ?

ಉತ್ತರ: ಕನ್ನಡಕ್ಕೆ ದಾರಿ ಖಂಡಿತ ಇದೆ. ಇಂಗ್ಲಿಷ್ ಹೆಸರಿಗೆ ಫಾಂಟ್ ಸಾಕು. ಕನ್ನಡದ ಎರಡು ಹೆಸರುಗಳನ್ನು ಮಾತ್ರ ಕೈಯಲ್ಲಿ ಬರೆಯಿರಿ, ಇಲ್ಲವೇ ಬರೆಸಿ. ಉಳಿದ ಕನ್ನಡವೆಲ್ಲ ನೆಟ್ಟಗೆ ನಿಂತ, ಓದಲು ಸುಲಭವಾದ ಫಾಂಟಿನಲ್ಲಿರಲಿ. ಎರಡು ಹೆಸರು ಬರೆಯುವುದು ಒಂದು ಸಂಜೆಯ ಕೆಲಸ. ಓರೆ ಮಾಡಿದ ಫಾಂಟು ಎಷ್ಟು ತಿದ್ದಿದರೂ ಆ ಅಂದ ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲ ಎಂಬುದು ಗೊತ್ತಾದರೆ ನಿಮ್ಮ ಅರ್ಧ ತೊಂದರೆ ತಾನಾಗಿಯೇ ಹೋಗುತ್ತದೆ. ಅದಕ್ಕೆ ಮೊದಲು ಇಂಗ್ಲಿಷ್ ಅಕ್ಷರದ ಕಥೆ ಸ್ವಲ್ಪ ಹೇಳುತ್ತೇನೆ.

ಗ್ರೇಟ್ ವೈಬ್ಸ್, ಪಿನ್ಯಾನ್ ಸ್ಕ್ರಿಪ್ಟ್, ಎಡ್ವರ್ಡಿಯನ್ ಸ್ಕ್ರಿಪ್ಟ್, ಇವೆಲ್ಲ ಒಂದೇ ಕುಲದವು. ಇಂಗ್ಲೆಂಡಿನಲ್ಲಿ 17 ಮತ್ತು 18ನೇ ಶತಮಾನದಲ್ಲಿ ಬೆಳೆದ ರೌಂಡ್‌ಹ್ಯಾಂಡ್ ಎಂಬ ಬರವಣಿಗೆ ಇವುಗಳ ಮೂಲ. ಅದನ್ನು ಬರೆಯುತ್ತಿದ್ದುದು ಹಕ್ಕಿಯ ಗರಿಯನ್ನು ಚೂಪಾಗಿ ಕೊಯ್ದು, ತುದಿಯನ್ನು ಸೀಳಿ ಮಾಡಿದ ಲೇಖನಿಯಿಂದ. ಕೆಳಗೆ ಎಳೆಯುವಾಗ ಸ್ವಲ್ಪ ಒತ್ತಿದರೆ ತುದಿಯ ಸೀಳು ಅಗಲವಾಗುತ್ತದೆ, ಗೆರೆ ದಪ್ಪ ಬರುತ್ತದೆ. ಮೇಲೆ ಒಯ್ಯುವಾಗ ಕೈ ಹಗುರ ಮಾಡಿದರೆ ಕೂದಲೆಳೆಯಂಥ ಗೆರೆ. ಅಂದರೆ ಆ ದಪ್ಪ ತೆಳು ಅಲಂಕಾರಕ್ಕೆಂದು ಆಮೇಲೆ ಸೇರಿಸಿದ್ದಲ್ಲ. ಕೈ ಎಲ್ಲಿ ಒತ್ತಿತು, ಎಲ್ಲಿ ಬಿಟ್ಟಿತು ಎಂಬ ಗುರುತು ಅದು. ಅಕ್ಷರದ ಓರೆಯೂ ಹಾಗೆಯೇ ಬಂದದ್ದು. ಗೆರೆಯ ಮೇಲೆ ಸುಮಾರು 55 ಡಿಗ್ರಿ ಕೋನದಲ್ಲಿ ಅಕ್ಷರ ವಾಲಿರುತ್ತದೆ. ಬಲಗೈಯಿಂದ ಎಡದಿಂದ ಬಲಕ್ಕೆ, ಲೇಖನಿ ಎತ್ತದೆ ಬರೆಯುವಾಗ ಆ ಕೋನ ಕೈಗೆ ಒಗ್ಗುತ್ತದೆ. ಜಾರ್ಜ್ ಬಿಕ್‌ಹ್ಯಾಮ್ ಎಂಬಾತ 1733ರಿಂದ 1741ರವರೆಗೆ ಈ ಬರವಣಿಗೆಯ ಮಾದರಿಗಳನ್ನು ತಾಮ್ರದ ತಗಡಿನ ಮೇಲೆ ಕೆತ್ತಿ, ಕಂತು ಕಂತಾಗಿ ಅಚ್ಚು ಹಾಕಿಸಿದ. ಈ ಶೈಲಿಗೆ ಕಾಪರ್‌ಪ್ಲೇಟ್ ಎಂಬ ಇನ್ನೊಂದು ಹೆಸರು ಬಂದದ್ದು ಇಂಥ ತಾಮ್ರದ ತಗಡುಗಳಿಂದಲೇ.

ಇದನ್ನು ಅಚ್ಚುಮೊಳೆಯಲ್ಲಿ ತರುವುದು ಬಹಳ ಕಷ್ಟವಾಗಿತ್ತು. ಒಂದೊಂದು ಅಕ್ಷರವೂ ಒಂದೊಂದು ಸೀಸದ ಮೊಳೆ. ಓರೆ ಅಕ್ಷರದ ತಲೆ, ಬಾಲ ಮೊಳೆಯ ಮೈಯಿಂದ ಹೊರಗೆ ಚಾಚಿಕೊಳ್ಳುತ್ತಿತ್ತು. ಅಚ್ಚಿನ ಒತ್ತಡಕ್ಕೆ ಪಟ್ಟನೆ ಮುರಿಯುತ್ತಿತ್ತು. ಫೋಟೋ ಫಿಲ್ಮಿನಿಂದ ಅಕ್ಷರ ಜೋಡಿಸುವ ಯಂತ್ರ ಬಂದ ಮೇಲೆ ಆ ತೊಂದರೆ ಹೋಯಿತು. ಮ್ಯಾಥ್ಯೂ ಕಾರ್ಟರ್ 1966ರ ಹೊತ್ತಿಗೆ ಲೈನೋಟೈಪ್ ಕಂಪನಿಗೆ ಸ್ನೆಲ್ ರೌಂಡ್‌ಹ್ಯಾಂಡ್ ಮಾಡಿದ್ದು ಆ ಅನುಕೂಲದಿಂದ. ಚಾರ್ಲ್ಸ್ ಸ್ನೆಲ್ ಎಂಬ ಹಳೆಯ ಬರವಣಿಗೆ ಗುರುವಿನ ಅಕ್ಷರ ಅದಕ್ಕೆ ಆಧಾರ. ನಿಮ್ಮ ಗಿರಾಕಿ ಐಫೋನ್ ಹಿಡಿದಿದ್ದರೆ ಅದರೊಳಗೆ ಈ ಫಾಂಟ್ ಇದೆ. 1998ರಲ್ಲಿ ಹರ್ಮನ್ ಜಾಫ್ ಅವರ ಜಾಫಿನೊ ಬಂತು. ಅದರಲ್ಲಿ ಒಂದೇ ಅಕ್ಷರಕ್ಕೆ ಹಲವು ರೂಪಗಳಿವೆ. ಕೈಬರಹದಲ್ಲಿ ಒಂದೇ ಅಕ್ಷರ ಎರಡು ಸಲ ಬಂದರೆ ಒಂದೇ ಥರ ಇರುವುದಿಲ್ಲ, ಅಲ್ವಾ? ಆ ಗುಣವನ್ನು ಫಾಂಟಿಗೆ ತಂದರು.

ಈಗ ಕನ್ನಡಕ್ಕೆ ಬರೋಣ. ನಮ್ಮ ಅಕ್ಷರಕ್ಕೆ ದುಂಡು ಬಂದದ್ದು ಬೇರೆ ಸಾಧನದಿಂದ. ತಾಳೆಗರಿಯ ಮೇಲೆ ಕಂಠ ಎಂಬ ಲೋಹದ ಮೊನೆಯಿಂದ ಗೀರಿ ಬರೆಯುತ್ತಿದ್ದರು, ಆಮೇಲೆ ಮಸಿ ಸವರುತ್ತಿದ್ದರು. ನೇರ ಗೆರೆ ಎಳೆದರೆ ಗರಿಯ ನಾರು ಸೀಳುತ್ತದೆ, ಅದಕ್ಕೇ ಅಕ್ಷರ ದುಂಡಾಯಿತು ಎಂದು ಹೇಳುವುದುಂಟು. ಏನೇ ಇರಲಿ, ಕಂಠದಿಂದ ಗೀರಿದ ಗೆರೆಯಲ್ಲಿ ದಪ್ಪ ತೆಳು ಇಲ್ಲ. ಒಂದೇ ಗಾತ್ರದ ಗೆರೆ ಸುತ್ತಿ ಸುತ್ತಿ ಬರುತ್ತದೆ. ಅಂದವೆಲ್ಲ ಸುತ್ತಿನಲ್ಲಿದೆ, ಒತ್ತಿನಲ್ಲಿದೆ, ಕೊಂಬಿನಲ್ಲಿದೆ. ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳುವುದೂ ಇಲ್ಲ. ಒಂದೊಂದು ಅಕ್ಷರವೂ ತನ್ನ ಜಾಗದಲ್ಲಿ ಸ್ವತಂತ್ರವಾಗಿ ಕೂರುತ್ತದೆ.

ಹಾಗಂತ ಕನ್ನಡದಲ್ಲಿ ಓಡುವ ಬರಹವೇ ಇರಲಿಲ್ಲ ಎಂದುಕೊಳ್ಳಬೇಡಿ. ಶಾನುಭೋಗರ ಹಳೆಯ ಕಾಗದಗಳಲ್ಲಿ ಕೈ ಎತ್ತದೆ ಬರೆದ ಮೋಡಿ ಬರಹ ಸಿಗುತ್ತದೆ. ಅದು ಬೇಗ ಬರೆದು ಮುಗಿಸುವುದಕ್ಕೆ ಹುಟ್ಟಿದ್ದು. ಇವತ್ತಿನವರಿಗೆ ಓದಲು ಆಗದು, ಹಾಗಾಗಿ ಲಗ್ನಪತ್ರಿಕೆಗೆ ನೇರವಾಗಿ ಒದಗುವುದಿಲ್ಲ. ಆದರೆ ಕನ್ನಡದ ಕೈ ಓಡಿದಾಗ ಯಾವ ಸುತ್ತು ಹಿಗ್ಗುತ್ತದೆ, ಯಾವುದು ಕುಗ್ಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಹಳೆಯ ಮನೆಗಳಲ್ಲಿ ಅಂಥ ಕಾಗದ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ.

ನಿಮ್ಮ ಜಿಲ್ಲೆಯಲ್ಲಿ ಕಲ್ಲಿನ ಅಕ್ಷರಗಳೂ ಇವೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯ ಶಾಸನಗಳದ್ದು. 1904ರಲ್ಲಿ ಬಂತು. ಹೊಯ್ಸಳರ ಕಾಲದ ಶಾಸನ ಕೆತ್ತಿದವರು ಅಕ್ಷರದ ಅಂದಕ್ಕೆ ಬಹಳ ಮನಸ್ಸು ಕೊಟ್ಟವರು. ತಿಪಟೂರಿನ ಕಡೆ ಹೋದಾಗ ಅರಳಗುಪ್ಪೆಯ ಗುಡಿ, ವಿಘ್ನಸಂತೆಯ 1286ರ ಲಕ್ಷ್ಮೀನರಸಿಂಹ ಗುಡಿ ನೋಡಿ. ಆ ಕಾಲದ ಶಾಸನ ಎಲ್ಲಿ ಸಿಕ್ಕರೂ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಓದಲು ಬಾರದಿದ್ದರೂ ಪರವಾಗಿಲ್ಲ, ಗೆರೆ ಎಲ್ಲಿ ಶುರುವಾಗಿ ಎಲ್ಲಿ ತಿರುಗಿದೆ ಎಂದು ಕಣ್ಣಲ್ಲೇ ಹಿಂಬಾಲಿಸಿ. ಫಾಂಟ್ ಪಟ್ಟಿಯಲ್ಲಿ ಹುಡುಕುವುದಕ್ಕಿಂತ ಇದರಿಂದ ಜಾಸ್ತಿ ಕಲಿಯುತ್ತೀರಿ.

ಓರೆ ಮಾಡಿದಾಗ ಏನು ಕೆಡುತ್ತದೆ ಎಂಬುದನ್ನು ಲೆಕ್ಕದಲ್ಲೇ ಹೇಳಿಬಿಡಬಹುದು. ವಿನ್ಯಾಸ ಮಾಡುವ ಕೋರಲ್‌ಡ್ರಾ ತಂತ್ರಾಂಶದಲ್ಲಿ ಅಕ್ಷರವನ್ನು ರೌಂಡ್‌ಹ್ಯಾಂಡಿನಷ್ಟು ವಾಲಿಸಬೇಕಾದರೆ 35 ಡಿಗ್ರಿ ಓರೆ ಮಾಡಬೇಕು. ಆಗ ಗೆರೆಯಿಂದ 10 ಮಿಲಿಮೀಟರ್ ಮೇಲಿದ್ದದ್ದು 7 ಮಿಲಿಮೀಟರ್ ಬಲಕ್ಕೆ ಹೋಗುತ್ತದೆ. 10 ಮಿಲಿಮೀಟರ್ ಕೆಳಗಿದ್ದದ್ದು ಅಷ್ಟೇ ಎಡಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಬರೀ ನಾಲ್ಕಾರು ಅಕ್ಷರಗಳ ಬಾಲ. ಕನ್ನಡದಲ್ಲಿ ಕೆಳಗೆ ಇರುವುದು ಒತ್ತಕ್ಷರ, ಅಂದರೆ ಪದದ ಅರ್ಧ ಜೀವ. ಓರೆ ಮಾಡಿದ ಕೂಡಲೇ ಒತ್ತು ತನ್ನ ಅಕ್ಷರ ಬಿಟ್ಟು ಹಿಂದಿನ ಅಕ್ಷರದ ಕೆಳಗೆ ಹೋಗಿ ಕೂರುತ್ತದೆ. ಗುಡಿಸು ಮುಂದಿನ ಅಕ್ಷರದ ತಲೆಯ ಮೇಲೆ ಬೀಳುತ್ತದೆ. ಗೊರವನಹಳ್ಳಿ ಮಹಾಲಕ್ಷ್ಮಿ ನಿಮ್ಮ ಕಡೆಯ ಎಷ್ಟೋ ಪತ್ರಿಕೆಗಳ ತಲೆಯ ಮೇಲಿರುವ ಹೆಸರು. ಅದರಲ್ಲಿ ಕ ಅಕ್ಷರದ ಕೆಳಗೆ ಷ, ಮ ಎರಡು ಒತ್ತುಗಳಿವೆ. ಅದನ್ನು ಓರೆ ಮಾಡಿ ನೋಡಿ, ನಾನು ಹೇಳಿದ್ದು ಗೊತ್ತಾಗುತ್ತದೆ. ಇಷ್ಟು ಸಾಲದು ಎಂಬಂತೆ ದುಂಡಗಿನ ಅಕ್ಷರವೆಲ್ಲ ಮೊಟ್ಟೆಯಾಗುತ್ತದೆ, ಒಂದು ಪಕ್ಕ ಸುಮ್ನೆ ದಪ್ಪಗಾಗುತ್ತದೆ. ಕನ್ನಡಕ್ಕೆ ಓರೆ ಬೇಕೇ ಬೇಕು ಅಂದರೆ ಎಂಟು ಡಿಗ್ರಿ ದಾಟಬೇಡಿ. ಒತ್ತನ್ನು ಬಿಡಿಸಿಕೊಂಡು ಕೈಯಿಂದ ಸರಿಯಾದ ಜಾಗಕ್ಕೆ ತಂದು ಕೂರಿಸಿ. ನನ್ನ ಮಾತು ಕೇಳಿದರೆ ಅದೂ ಬೇಡ. ನೆಟ್ಟಗಿನ ಕನ್ನಡ, ಓರೆಯ ಇಂಗ್ಲಿಷ್ ಎರಡೂ ಒಂದೇ ಕಾರ್ಡಿನಲ್ಲಿ ಬಹಳ ಚೆನ್ನಾಗಿ ಹೊಂದುತ್ತವೆ.

ಹಾಗಾದರೆ ಬಳ್ಳಿ ಎಲ್ಲಿಂದ ಬರಬೇಕು? ಕನ್ನಡದ ಒಳಗೇ ಬಳ್ಳಿ ಹಬ್ಬುವ ಜಾಗಗಳಿವೆ. ಹೆಸರನ್ನು ಮೊದಲು ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದು ಅವನ್ನು ಹುಡುಕಿ.

ಯ ಒತ್ತು ಇದ್ದರೆ ಅದೃಷ್ಟ. ದಿವ್ಯ, ಕಾವ್ಯ, ರಮ್ಯ ಈ ಹೆಸರುಗಳಲ್ಲಿ ಒತ್ತು ಕೆಳಗಿನಿಂದ ಹೊರಟು ಬಲಗಡೆ ಮೇಲಕ್ಕೆ ಏರುತ್ತದೆ. ಆ ಏರಿಕೆಯನ್ನು ನಿಧಾನವಾಗಿ ಎಳೆದು, ತುದಿಯಲ್ಲಿ ಒಂದು ಸಣ್ಣ ಸುರುಳಿ ಕೊಟ್ಟರೆ ಸಾಕು, ಬೇರೆ ಅಲಂಕಾರ ಬೇಡ. ರ ಒತ್ತು ಎಡಕ್ಕೆ ಹರಿಯುತ್ತದೆ. ಪ್ರಿಯಾ, ಪ್ರವೀಣ್ ಬರೆಯುವಾಗ ಅದನ್ನು ಹೆಸರಿನ ಶುರುವಿಗಿಂತ ಸ್ವಲ್ಪ ಆಚೆಯವರೆಗೂ ಚಾಚಬಹುದು. ಚೈತ್ರ ಎಂದರೆ ಐತ್ವ, ರ ಒತ್ತು ಎರಡೂ ಸಿಕ್ಕವು. ಎರಡನ್ನೂ ಹಿಗ್ಗಿಸಬೇಡಿ, ಒಂದನ್ನು ಆರಿಸಿಕೊಳ್ಳಿ. ಕೃಷ್ಣ, ಕೃತಿಕಾ ಎಂಬಲ್ಲಿ ವಟ್ರಸುಳಿ ಇದೆ. ಅದರ ಆಕಾರವೇ ಸುರುಳಿ, ನೀವು ಬರೀ ಜಾಗ ಬಿಟ್ಟುಕೊಟ್ಟರೆ ಆಯಿತು. ಅರ್ಪಿತಾ, ಐಶ್ವರ್ಯ ಬಂದರೆ ಅರ್ಕಾವತ್ತು. ಅದನ್ನು ಫಾಂಟುಗಳು ಚಿಕ್ಕದು ಮಾಡಿ ಬಿಗಿಯಾಗಿ ಕೂರಿಸುತ್ತವೆ. ಕೈಯಲ್ಲಿ ಬರೆದರೆ ಅದಕ್ಕೆ ಉಸಿರಾಡುವಷ್ಟು ಅಗಲ ಕೊಡಬಹುದು. ಕಿರಣ್, ಅರುಣ್, ಪವನ್ ಥರ ಅರ್ಧಾಕ್ಷರದಲ್ಲಿ ಮುಗಿಯುವ ಗಂಡು ಹೆಸರುಗಳು ತುಂಬಾ. ಆ ಕೊನೆಯ ಕೊಂಡಿ ಬಲಗಡೆ ಮೇಲೆ ಬಯಲಿನಲ್ಲಿದೆ, ಅದನ್ನು ಎಷ್ಟು ಬೇಕಾದರೂ ಚಾಚಿ. ಪೂಜಾ, ಮಮತಾ ಇಂಥ ಹೆಸರಿಗೆ ಕೊನೆಯ ದೀರ್ಘ ಇದೆ. ಹೆಸರಲ್ಲಿ ಯಾವುದೂ ಇಲ್ಲದಿದ್ದರೆ ತಲೆಕಟ್ಟು ಇದ್ದೇ ಇರುತ್ತದೆ. ಣ, ಬ, ಜ, ಲ ಅಂಥ ಕೆಲವು ಅಕ್ಷರಕ್ಕೆ ಮಾತ್ರ ಅದೂ ಇಲ್ಲ.

ಒಂದು ಹೆಸರಿಗೆ ಒಂದು ಬಳ್ಳಿ, ಜಾಸ್ತಿ ಅಂದರೆ ಎರಡು. ಹುಡುಗಿಯ ಹೆಸರಿನ ಬಳ್ಳಿ ಕೆಳಗೆ ಬಲಕ್ಕೆ ಹೋಗಿದ್ದರೆ ಹುಡುಗನದು ಮೇಲೆ ಎಡದಿಂದ ಬರಲಿ. ಆಗ ಎರಡು ಹೆಸರು ಸೇರಿ ಒಂದು ಆಕಾರವಾಗುತ್ತದೆ.

ಇಲ್ಲಿ ಒಂದು ಅಪಾಯವಿದೆ, ದಯವಿಟ್ಟು ಗಮನ ಕೊಡಿ. ಇಂಗ್ಲಿಷಿನಲ್ಲಿ ಬಾಲ ಎಷ್ಟು ಬೆಳೆದರೂ ಅಕ್ಷರ ಅದೇ ಉಳಿಯುತ್ತದೆ. ಕನ್ನಡದಲ್ಲಿ ಒಂದು ಸುರುಳಿ ಹೆಚ್ಚಾದರೆ ಹೆಸರೇ ಬದಲಾಗುತ್ತದೆ. ತ ಅಕ್ಷರದ ತಲೆಕಟ್ಟನ್ನು ಮೇಲೆತ್ತಿ ಸುತ್ತಿ ಮುಚ್ಚಿಬಿಟ್ಟರೆ ಅದು ತಿ. ಗುಡಿಸಿನ ಪಕ್ಕದಲ್ಲಿ ಅಲಂಕಾರಕ್ಕೆಂದು ಒಂದು ಕೊಂಡಿ ಇಟ್ಟರೆ ದೀರ್ಘವಾಗುತ್ತದೆ. ಎಲ್ಲಕ್ಕಿಂತ ಮೋಸ ಮಾಡುವುದು ವ. ರಾಘವ, ಕೇಶವ, ಮಾಧವ ಎಂದು ಹೆಸರು ಕೊನೆಯಾದಾಗ ಆ ವ ಅಕ್ಷರದ ಬಲಗಡೆ ಬಳ್ಳಿ ಎಳೆಯಬೇಕು ಎಂದು ಕೈ ತುಡಿಯುತ್ತದೆ. ಎಳೆದಿರೋ, ರಾಘವ ಹೋಗಿ ರಾಘಮ ಆಗುತ್ತಾನೆ. ಅಲ್ಲಿ ಬಳ್ಳಿಯನ್ನು ಮೊದಲ ಅಕ್ಷರಕ್ಕೆ ಕೊಡಿ. ಬರೆದಾದ ಮೇಲೆ ಆ ಹೆಸರು ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಮನೆಯವರಿಗೆ ತೋರಿಸಿದರೆ ಪ್ರಯೋಜನವಿಲ್ಲ, ಅವರು ಹೆಸರನ್ನು ಊಹಿಸಿಕೊಂಡೇ ಓದುತ್ತಾರೆ.

ಬರೆಯುವ ವಿಧಾನದ ಬಗ್ಗೆ ಎರಡು ಮಾತು. ಅಗಲ ತುದಿಯ ಪೆನ್ ಬೇಕು. ಪೈಲಟ್ ಕಂಪನಿಯ ಪ್ಯಾರಲಲ್ ಪೆನ್ 1.5, 2.4, 3.8, 6.0 ಮಿಲಿಮೀಟರ್ ಅಳತೆಗಳಲ್ಲಿ ಸಿಗುತ್ತದೆ. 2.4 ಅಥವಾ 3.8 ತಗೊಳ್ಳಿ. ಬಿದಿರಿನ ಕಡ್ಡಿಯನ್ನು ಅಗಲವಾಗಿ ಕೊಯ್ದುಕೊಂಡರೂ ನಡೆಯುತ್ತದೆ, ಅದರ ಗೆರೆಗೆ ಬೇರೆಯೇ ಜೀವ ಇದೆ. ಪೆನ್ ಹಿಡಿದ ಕೋನ ಹೆಸರಿನ ಉದ್ದಕ್ಕೂ ಒಂದೇ ಇರಲಿ. ಒಂದು ಅಕ್ಷರದಲ್ಲಿ ಎಡಗಡೆ ದಪ್ಪ, ಇನ್ನೊಂದರಲ್ಲಿ ಬಲಗಡೆ ದಪ್ಪ ಬಂತು ಅಂದರೆ ಕೋನ ತಿರುಗಿದೆ ಎಂದು ಅರ್ಥ. ಕಾರ್ಡಿನಲ್ಲಿ ಬರುವ ಗಾತ್ರಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾಗಿ ಬರೆಯಿರಿ. ನುಣುಪು ಕಾಗದದ ಮೇಲೆ, ಕಪ್ಪು ಶಾಯಿಯಲ್ಲಿ. ಹತ್ತಾರು ಸಲ ಬರೆದು ಒಳ್ಳೆಯ ಒಂದನ್ನು ಆರಿಸಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಕೋರಲ್‌ಡ್ರಾದಲ್ಲಿ ಟ್ರೇಸ್ ಮಾಡಿ, ಅಂದರೆ ಚಿತ್ರವನ್ನು ತಿದ್ದಬಹುದಾದ ಗೆರೆಗಳಾಗಿ ಬದಲಿಸಿ. ಟ್ರೇಸ್ ಮಾಡಿದಾಗ ನೋಡ್‌ಗಳು, ಅಂದರೆ ಗೆರೆಯನ್ನು ಹಿಡಿದು ತಿರುಗಿಸುವ ಚುಕ್ಕೆಗಳು, ರಾಶಿ ಬೀಳುತ್ತವೆ. ಅವನ್ನು ಕಡಿಮೆ ಮಾಡುತ್ತಾ ಹೋಗಿ. ಸುತ್ತಿನ ಮೇಲ್ತುದಿ, ಕೆಳತುದಿ, ಎಡ, ಬಲ ಈ ನಾಲ್ಕು ಕಡೆ ಒಂದೊಂದು ನೋಡ್ ಇದ್ದರೆ ಸುತ್ತು ನುಣ್ಣಗೆ ಬರುತ್ತದೆ. ಗೆರೆಯ ಎಲ್ಲ ಅಂಕುಡೊಂಕನ್ನೂ ತೆಗೆಯಬೇಡಿ. ಸ್ವಲ್ಪ ಕೈ ಗುರುತು ಉಳಿಯಲಿ, ಬೆಲೆ ಇರುವುದು ಅದಕ್ಕೇ.

ನಿಮಗೆ ಬರೆಯುವ ಕೈ ಇಲ್ಲವೆನಿಸಿದರೆ ನಿಮ್ಮ ಊರಿನಲ್ಲೇ ಹುಡುಕಿ. ಹಿಂದೆ ಅಂಗಡಿ ಬೋರ್ಡು, ಗೋಡೆ ಬರಹ ಬರೆಯುತ್ತಿದ್ದ ಕಲಾವಿದರ ಕೆಲಸವನ್ನು ಫ್ಲೆಕ್ಸ್ ಕಿತ್ತುಕೊಂಡಿತು. ಅವರಲ್ಲಿ ಕೆಲವರ ಕೈಯಲ್ಲಿರುವ ಕನ್ನಡ ಯಾವ ಫಾಂಟಿನಲ್ಲೂ ಇಲ್ಲ. ಎರಡು ಹೆಸರಿಗೆ ಅವರಿಗೆ ಒಂದು ಮರ್ಯಾದೆಯ ಮೊತ್ತ ಕೊಡಿ. ಅದನ್ನು ಗಿರಾಕಿಯ ಬಿಲ್ಲಿನಲ್ಲಿ ‘ಕೈಬರಹದ ಹೆಸರು’ ಎಂದು ಬೇರೆಯಾಗಿಯೇ ತೋರಿಸಿ. ಜನ ಕೊಡುತ್ತಾರೆ.

ಪತ್ರಿಕೆಯ ಉಳಿದ ಕನ್ನಡಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ಟಿರೊ ಕನ್ನಡ ಬಳಸಿ, ಎರಡೂ ಗಂಭೀರವಾಗಿವೆ. ಒಂದೇ ಗಾತ್ರದ ಗೆರೆ ಇಷ್ಟವಾದರೆ ಎರಿನ್ ಮೆಕ್‌ಲಾಫ್ಲಿನ್ ಮಾಡಿದ ಹುಬ್ಬಳ್ಳಿ ಇದೆ. ಕೈಬರಹ ಬರೆಸಲು ಸಮಯವೇ ಇಲ್ಲ, ನಾಳೆಯೇ ಕಾರ್ಡ್ ಬೇಕು ಎಂಬಂಥ ಕೆಲಸಕ್ಕೆ ಅಕಾಯ ಕನಡಕ ನೋಡಿ. ವೈಷ್ಣವಿ ಮೂರ್ತಿ, ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ್ದು. ಅದರ ಕನ್ನಡಕ್ಕೆ ಬಿಡಿಸಿದ ಅಕ್ಷರದ ಲಯ ಇದೆ. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಇವು ಯೂನಿಕೋಡ್ ಫಾಂಟುಗಳು, ಅಂದರೆ ಎಲ್ಲ ಕಡೆ ಒಂದೇ ಸಂಕೇತ ಬಳಸುವಂಥವು. ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ನಡೆಯುವುದಿಲ್ಲ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳದಿದ್ದರೆ ಒತ್ತುಗಳು ಒಡೆದು ಬಿಡಿ ಬಿಡಿಯಾಗಿ ಬರುತ್ತವೆ. ಫೋಟೋಶಾಪ್‌ನಲ್ಲೂ ಅಂಥದ್ದೇ ಆಯ್ಕೆ ಇದೆ. ನಿಮ್ಮಲ್ಲಿರುವ ಹಳೆಯ ನುಡಿ ಫಾಂಟುಗಳಲ್ಲಿ ಅಕ್ಷರದ ತುಂಡುಗಳು ಬೇರೆ ಬೇರೆಯಾಗಿ ಸಿಗುತ್ತವೆ. ಕೈಬರಹದ ಅಭ್ಯಾಸಕ್ಕೆ ಅಡಿಗೆರೆಯಾಗಿ ಅವನ್ನು ಇಟ್ಟುಕೊಳ್ಳಬಹುದು.

ಚಿ||ರಾ||, ಚಿ||ಕುಂ||ಸೌ|| ಇವನ್ನು ಬಳ್ಳಿ ಅಕ್ಷರದಲ್ಲಿ ಹಾಕಬೇಡಿ. ಹೆಸರಿನ ಮೇಲೆ ಚಿಕ್ಕದಾಗಿ, ನೆಟ್ಟಗೆ ಇರಲಿ. ಮುಹೂರ್ತದ ಸಮಯ, ಕಲ್ಯಾಣ ಮಂಟಪದ ವಿಳಾಸ ಎರಡಕ್ಕೂ ಅಲಂಕಾರವೇ ಬೇಡ. ಗುಬ್ಬಿ, ಕುಣಿಗಲ್, ಶಿರಾದ ಹಳ್ಳಿಗಳಲ್ಲಿ ಪತ್ರಿಕೆ ಕೈಗೆತ್ತಿಕೊಳ್ಳುವ ಹಿರಿಯರು ಮೊದಲು ಹುಡುಕುವುದು ಅವನ್ನೇ.

ಇನ್ನು ಇಂಗ್ಲಿಷ್ ಹೆಸರು. ಗ್ರೇಟ್ ವೈಬ್ಸ್ ಒಳ್ಳೆಯ ಫಾಂಟೇ. ರಾಬರ್ಟ್ ಲ್ಯೂಷ್ಕೆ ಮಾಡಿದ್ದು. ಅದರ ದೊಡ್ಡಕ್ಷರಗಳು ಉದಾರವಾಗಿವೆ, ಸಣ್ಣಕ್ಷರಗಳು ಬಹಳ ಚಿಕ್ಕವು. ಹಾಗಾಗಿ ಪಾಯಿಂಟ್ ಸೈಜ್ ನೋಡಿ ಕನ್ನಡದ ಜೊತೆ ಹೊಂದಿಸಬೇಡಿ. 36 ಪಾಯಿಂಟಿನ ಗ್ರೇಟ್ ವೈಬ್ಸ್ 24 ಪಾಯಿಂಟಿನ ಕನ್ನಡಕ್ಕಿಂತ ಸಣ್ಣದಾಗಿ ಕಾಣಬಹುದು. ಕಣ್ಣಳತೆಯಲ್ಲಿ ಹೊಂದಿಸಿ. ಹಳೆಯ ರೌಂಡ್‌ಹ್ಯಾಂಡಿಗೆ ಹತ್ತಿರದ್ದು ಬೇಕಾದರೆ ನಿಕೋಲ್ ಫಾಲಿಯ ಪಿನ್ಯಾನ್ ಸ್ಕ್ರಿಪ್ಟ್. ಕುಂಚದ ಹಾಗೆ, ಗೆರೆ ಸ್ವಲ್ಪ ದಪ್ಪ ಬೇಕಾದರೆ ಅಲೆಕ್ಸ್ ಬ್ರಷ್. ನಾಮಕರಣ, ಹುಟ್ಟುಹಬ್ಬ, ಕೇಕಿನ ಡಬ್ಬಿಗೆ ಡ್ಯಾನ್ಸಿಂಗ್ ಸ್ಕ್ರಿಪ್ಟ್ ಸರಿ, ಲಗ್ನಪತ್ರಿಕೆಗೆ ಅದು ಹಗುರವಾಯಿತು. ಎಂಎಸ್ ಆಫೀಸ್ ಇದ್ದರೆ ಎಡ್ ಬೆಂಗ್ವಿಯಟ್ ಅವರ ಎಡ್ವರ್ಡಿಯನ್ ಸ್ಕ್ರಿಪ್ಟ್ ನಿಮ್ಮ ಕಂಪ್ಯೂಟರಿನಲ್ಲಿ ಈಗಾಗಲೇ ಇರಬಹುದು. ಉಚಿತ ಎಂದು ಎಲ್ಲೆಲ್ಲೋ ಸಿಗುವ ಫಾಂಟುಗಳಲ್ಲಿ ಎಷ್ಟೋ ಸ್ವಂತ ಬಳಕೆಗೆ ಮಾತ್ರ ಉಚಿತ. ನೀವು ದುಡ್ಡು ತಗೊಂಡು ಕೆಲಸ ಮಾಡುವವರು, ಪರವಾನಗಿ ಓದಿಕೊಳ್ಳಿ.

ಹೆಸರನ್ನು ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಬಳ್ಳಿ ಫಾಂಟಿಗೆ ಹಾಕುವುದು ನಾನು ಅತಿ ಹೆಚ್ಚು ನೋಡುವ ತಪ್ಪು. ಆ ದೊಡ್ಡಕ್ಷರಗಳು ಹೆಸರಿನ ಮೊದಲಲ್ಲಿ ಒಂದೇ ಬರಲಿ ಎಂದು ಮಾಡಿದವು. ಸಾಲಾಗಿ ನಿಲ್ಲಿಸಿದರೆ ಸುರುಳಿಗೆ ಸುರುಳಿ ಸಿಕ್ಕಿಕೊಂಡು ಹೆಸರು ಓದಲಾಗುವುದಿಲ್ಲ. ಅಕ್ಷರಗಳ ನಡುವಿನ ಅಂತರವನ್ನೂ ಹೆಚ್ಚಿಸಬೇಡಿ, ಕೂಡಿಕೊಂಡ ಕೊಂಡಿಗಳು ಕಡಿದುಹೋಗುತ್ತವೆ. ಸಾಲನ್ನು ಎರಡು ಅಂಚಿಗೆ ಎಳೆದು ಕೂರಿಸಿದರೂ ಅದೇ ಆಗುತ್ತದೆ. ಕೋರಲ್‌ಡ್ರಾ ಎಕ್ಸ್6ರಿಂದ ಈಚೆಗಿನದು ನಿಮ್ಮಲ್ಲಿದ್ದರೆ ಓಪನ್‌ಟೈಪ್ ಆಯ್ಕೆಗಳು ಸಿಗುತ್ತವೆ. ಫಾಂಟಿನಲ್ಲಿ ಬದಲಿ ರೂಪಗಳಿದ್ದರೆ ಅಲ್ಲಿ ಕಾಣುತ್ತವೆ. ಕೊನೆಯ ಅಕ್ಷರಕ್ಕೆ ಒಂದು ಬದಲಿ ರೂಪ ಹಾಕಿ ನೋಡಿ. ಅಕ್ಷರಗಳಿಗೆ ಔಟ್‌ಲೈನ್ ಕೊಡುವ ಮೊದಲು, ಪ್ಲಾಟರ್ ಯಂತ್ರದಲ್ಲಿ ಕತ್ತರಿಸುವ ಮೊದಲು ಎಲ್ಲವನ್ನೂ ವೆಲ್ಡ್ ಮಾಡಿ, ಅಂದರೆ ಬೆಸೆದು ಒಂದೇ ಆಕಾರ ಮಾಡಿ. ಇಲ್ಲದಿದ್ದರೆ ಒಂದು ಅಕ್ಷರದ ಮೇಲೆ ಇನ್ನೊಂದು ಕೂತ ಜಾಗದಲ್ಲೆಲ್ಲ ಅಡ್ಡಗೆರೆ ಬರುತ್ತದೆ.

ಪ್ರಮಾಣಪತ್ರದಲ್ಲಿ ಪಡೆದವರ ಹೆಸರಿಗೆ, ಸಿಹಿತಿಂಡಿ ಡಬ್ಬಿಯ ಮೇಲಿನ ಒಂದು ಪದಕ್ಕೆ ಈ ಫಾಂಟುಗಳು ಚೆನ್ನಾಗಿ ಒದಗುತ್ತವೆ. ಬಿ.ಎಚ್. ರಸ್ತೆಯ ಫ್ಲೆಕ್ಸಿಗೆ ಬೇಡ. ಗಾಡಿಯಲ್ಲಿ ಹೋಗುವವರಿಗೆ ದಪ್ಪ ಗೆರೆ ಮಾತ್ರ ಕಾಣುತ್ತದೆ, ತೆಳು ಗೆರೆ ಬಯಲಿನ ಬಿಸಿಲಲ್ಲಿ ಇಲ್ಲವೇ ಇಲ್ಲ.

ಫಾಯಿಲ್‌ನಲ್ಲಿ ಗೆರೆ ಹಾರುವುದಕ್ಕೆ ಕಾರಣ ಅಳತೆ. ಸಾಮಾನ್ಯ ಆಫ್‌ಸೆಟ್ ಮುದ್ರಣಕ್ಕೆ ಗೆರೆ ಕಾಲು ಪಾಯಿಂಟಿಗಿಂತ ತೆಳುವಾಗಬಾರದು. ಅದು ಹತ್ತಿರ ಹತ್ತಿರ 0.09 ಮಿಲಿಮೀಟರ್. ಬಿಸಿ ಫಾಯಿಲ್‌ಗೆ ಕನಿಷ್ಠ ಅರ್ಧ ಪಾಯಿಂಟ್ ಇಟ್ಟುಕೊಳ್ಳಿ, ಅಂದರೆ 0.18 ಮಿಲಿಮೀಟರ್. ಉಬ್ಬು ತಗ್ಗಿನ ಕಾಗದವಾದರೆ ಇನ್ನೂ ಜಾಸ್ತಿ ಬೇಕು. ತೆಳು ಗೆರೆಗೆ ಫಾಯಿಲ್ ಅಂಟುವಷ್ಟು ಮೈ ಇರುವುದಿಲ್ಲ. ಅದೇ ಹೊತ್ತಿಗೆ ಇಕ್ಕಟ್ಟಾದ ಸಂದುಗಳು ತುಂಬಿಕೊಳ್ಳುತ್ತವೆ. ಗ್ರೇಟ್ ವೈಬ್ಸ್‌ಗೆ ದಪ್ಪ ರೂಪವೇ ಇಲ್ಲ. ಹಾಗಾಗಿ ಹೆಸರನ್ನು ಕರ್ವ್ ಮಾಡಿ (ಅಕ್ಷರವನ್ನು ಗೆರೆಯ ಆಕಾರವಾಗಿ ಬದಲಿಸಿ), ವೆಲ್ಡ್ ಮಾಡಿ, ಅದೇ ಬಣ್ಣದ ಕಾಲು ಪಾಯಿಂಟ್ ಔಟ್‌ಲೈನ್ ಕೊಡಿ. ಆಮೇಲೆ ಬ್ಲಾಕ್, ಅಂದರೆ ಫಾಯಿಲ್ ಒತ್ತುವ ಲೋಹದ ಅಚ್ಚು, ಮಾಡಲು ಕಳಿಸಿ. ಕೆಂಪು ಮೆರೂನ್ ನೆಲದ ಮೇಲೆ ಬಿಳಿ ಅಕ್ಷರ ಬಿಡುವಾಗಲೂ ಇದೇ ಎಚ್ಚರಿಕೆ. ಆ ಮೆರೂನ್ ನಾಲ್ಕು ಶಾಯಿ ಸೇರಿ ಬಂದದ್ದಾದರೆ, ಒಂದು ಶಾಯಿ ಕೂದಲಷ್ಟು ಸರಿದರೂ ತೆಳು ಗೆರೆ ಮುಚ್ಚಿಹೋಗುತ್ತದೆ.

ಕನ್ನಡದಲ್ಲಿ ಇದು ಬರೀ ಅಂದದ ವಿಷಯವಲ್ಲ. ಸುಧಾ, ರಾಧಾ, ಮಾಧವ ಎಂಬ ಹೆಸರುಗಳಲ್ಲಿ ಧ ಅಕ್ಷರದ ಕೆಳಗೆ ಒಂದು ಸಣ್ಣ ಸೀಳು ಇದೆ. ಶಾಲೆಯಲ್ಲಿ ಹೊಟ್ಟೆ ಸೀಳಬೇಕು ಎಂದು ಹೇಳಿಕೊಟ್ಟದ್ದು ಅದನ್ನೇ. ಫಾಯಿಲ್ ಆ ಸೀಳಿನ ಗೆರೆಯನ್ನು ಹಾರಿಸಿಬಿಟ್ಟರೆ ಸುಧಾ ಹೋಗಿ ಸುದಾ. ಭ, ಢ, ಫ ಅಕ್ಷರಗಳಿಗೂ ಇದೇ ಗತಿ. ಮದುಮಗಳ ಹೆಸರಿನ ಕಾಗುಣಿತ ತಪ್ಪಿದರೆ ನೂರಾರು ಕಾರ್ಡ್ ಮರುಮುದ್ರಣ. ಕೈಯಲ್ಲಿ ಬರೆಯುವಾಗಲೇ ಆ ಸೀಳನ್ನು ಉದ್ದವಾಗಿ, ಗಟ್ಟಿಯಾಗಿ ಎಳೆಯಿರಿ. ಬ್ಲಾಕ್ ಮಾಡಿಸುವ ಮೊದಲು ಸರಿಯಾದ ಗಾತ್ರದಲ್ಲಿ ಲೇಸರ್ ಪ್ರಿಂಟ್ ತೆಗೆದು ಭೂತಗನ್ನಡಿಯಲ್ಲಿ ನೋಡಿ.

ಪಾವಗಡದ ಕಡೆಯ ಗಿರಾಕಿಗಳು ಕನ್ನಡದ ಜೊತೆ ತೆಲುಗನ್ನೂ ಕೇಳಬಹುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯೂ ಹೀಗೆಯೇ. ಎರಡು ಲಿಪಿ ಅಣ್ಣತಮ್ಮಂದಿರಂತೆ ಕಂಡರೂ ತೆಲುಗಿನ ತಲೆಕಟ್ಟು ಮೇಲಕ್ಕೆ ಚಿಮ್ಮುತ್ತದೆ, ಕನ್ನಡದ್ದು ಅಡ್ಡಕ್ಕೆ ಹರಿದು ಕೊಂಡಿಯಾಗುತ್ತದೆ. ತೆಲುಗು ಫಾಂಟಿನ ತುಂಡು ತಂದು ಕನ್ನಡ ಮಾಡಲು ಹೋಗಬೇಡಿ. ಅಲ್ಲಿಯೂ ಹೆಸರನ್ನು ಅದೇ ಪೆನ್ನಿನಲ್ಲಿ, ಅದೇ ಕೋನದಲ್ಲಿ ಬರೆಸಿದರೆ ಎರಡೂ ಒಂದೇ ಕೈಯಿಂದ ಬಂದಂತೆ ಕಾಣುತ್ತವೆ.

ವಾಟ್ಸ್ಆ್ಯಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ಮೊದಲು ಹಾಳಾಗುವುದು ತೆಳು ಗೆರೆ. ಮೊಬೈಲಿಗೆಂದು ಕಾರ್ಡನ್ನು ಬೇರೆಯಾಗಿ ಮಾಡಿ. ಉದ್ದುದ್ದ ಆಕಾರ, ಹೆಸರು ಪರದೆಯ ಅಗಲದ ಮುಕ್ಕಾಲು ಪಾಲು, ಫಾಯಿಲ್‌ಗೆ ದಪ್ಪ ಮಾಡಿದ ಅದೇ ಅಕ್ಷರ. ಚಿನ್ನದ ಬಣ್ಣಕ್ಕೆ ತಿಳಿ ನೆಲ ಬೇಡ, ಗಾಢ ನೆಲ ಇರಲಿ. ಅದನ್ನು ಪಿಡಿಎಫ್ ಮಾಡಿ, ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಗಿರಾಕಿಗೂ ಹಾಗೆಯೇ ಮುಂದೆ ಕಳಿಸಲು ಹೇಳಿ, ಆಗ ಮಸುಕಾಗುವುದಿಲ್ಲ.